‘75 ಯಾರ ಹತ್ತಿರ ಇದೆ?’: ಮನೆಗೆ ಐದು ಸ್ಟ್ಯಾಟಿಕ್ ಐಪಿ ತಂದ ಕಥೆ

ಮೊದಲ ದಿನವೇ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ್ದರೆ ನನಗೆ ಮೂರು ವಾರ ಉಳಿಯುತ್ತಿತ್ತು. ಆ ಪ್ರಶ್ನೆ ಯಾವುದು ಅಂತ ಆಗ ಗೊತ್ತಿರಲಿಲ್ಲ. ಮನೆಗೆ ಒಂದಕ್ಕಿಂತ ಜಾಸ್ತಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತರಿಸಿಕೊಳ್ಳಬೇಕು ಅಂತ ಯೋಚನೆ ಮಾಡುತ್ತಿರುವವರು ಯಾರಾದರೂ ಇದ್ದರೆ, ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮೈಸೂರಿನಲ್ಲಿ. ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ, ಮಗಳು. ಅಪ್ಪ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಮನೆಯಿಂದಲೇ ಒಂದೆರಡು ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುತ್ತೇನೆ. ಹೆಂಡತಿ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಪಾಠಕ್ಕೆ ನಮ್ಮದೇ ಜಿಟ್ಸಿ (ವಿಡಿಯೊ ಕಾಲ್) ಸರ್ವರ್ ಇರಬೇಕು, ಮೇಲ್ ಕೂಡ ನಮ್ಮ ಮನೆಯಲ್ಲೇ ಇರಬೇಕು ಅನ್ನುವುದು ಇಬ್ಬರಿಗೂ ಬಹಳ ದಿನದ ಆಸೆ. ಪಾಠಕ್ಕೆ ಬರುವ ಮಕ್ಕಳ ಮುಖ, ಮಾತು ನಮಗೆ ಗೊತ್ತಿಲ್ಲದ ಕಡೆ ಹೋಗಿ ಕೂರುವುದು ಅವಳಿಗೆ ಇಷ್ಟವಿರಲಿಲ್ಲ.

ಆಸೆಗೆ ಮೊದಲ ಅಡ್ಡಿ ನಮ್ಮ ಫೈಬರ್ ಕನೆಕ್ಷನ್ನೇ. ರೂಟರ್ ಒಳಗೆ ಹೋಗಿ ನೋಡಿದರೆ ಹೊರಗಿನ ಐಪಿ 100.72 ಅಂತ ಶುರುವಾಗುತ್ತಿತ್ತು. ನಿಮ್ಮ ರೂಟರ್‌ನಲ್ಲೂ 100.64ರಿಂದ 100.127ರ ಒಳಗಿನ ನಂಬರ್ ಕಂಡರೆ, ಅದು ನಿಮ್ಮ ಸ್ವಂತ ವಿಳಾಸ ಅಲ್ಲ ಅಂತ ತಿಳಿಯಿರಿ. ಕನೆಕ್ಷನ್ ಕೊಡುವ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಮನೆಗಳಿಗೆ ಹಂಚಲಿ ಅಂತಲೇ 2012ರಲ್ಲಿ ಎತ್ತಿಟ್ಟ ನಂಬರ್‌ಗಳು ಅವು. ಅಂಥ ಮನೆಯಿಂದ ಹೊರಗೆ ಹೋಗಬಹುದು. ಹೊರಗಿನವರು ಬಂದು ಬಾಗಿಲು ತಟ್ಟಲು ಆಗುವುದಿಲ್ಲ. ಮೇಲ್ ಸರ್ವರ್‌ಗೆ ಬೇಕಿರುವುದೇ ಆ ಬಾಗಿಲು.

ಹಾಗಾದರೆ ಒಂದು ಸ್ಟ್ಯಾಟಿಕ್ ಐಪಿ ಸಾಲದೇ? ವೆಬ್‌ಸೈಟ್ ಮಾತ್ರ ಇಡುವವರಿಗೆ ಖಂಡಿತ ಸಾಕು. ಒಂದೇ ಐಪಿಯ ಮುಂದೆ ಕೇಳಿದ ಸೈಟಿನ ಹೆಸರು ನೋಡಿ ದಾರಿ ತೋರಿಸುವ ಒಂದು ರಿವರ್ಸ್ ಪ್ರಾಕ್ಸಿ ಕೂರಿಸಿ ಹತ್ತು ಸೈಟ್ ಬೇಕಾದರೂ ನಡೆಸಬಹುದು. ಜಾಸ್ತಿ ದುಡ್ಡು ಕೊಡಬೇಡಿ. ನಮ್ಮ ವಿಷಯ ಬೇರೆ. ಕಟ್ಟುನಿಟ್ಟಿನ ನೆಟ್‌ವರ್ಕ್ ಇರುವ ಕಡೆಯಿಂದ ಪಾಠಕ್ಕೆ ಬರುವ ಮಕ್ಕಳಿಗಾಗಿ ಜಿಟ್ಸಿ ಪಕ್ಕದಲ್ಲಿ ನಡುವೆ ನಿಂತು ವಿಡಿಯೊ ದಾಟಿಸುವ ಒಂದು ಟರ್ನ್ ಸರ್ವರ್ ಇಡಬೇಕಿತ್ತು. ಜಿಟ್ಸಿಯ ಹಾಗೆ ಅದಕ್ಕೂ 443ನೇ ಪೋರ್ಟೇ (ಒಂದು ಐಪಿಯೊಳಗಿನ ಬಾಗಿಲ ನಂಬರ್) ಬೇಕು, ಎರಡೂ ಒಂದೇ ಐಪಿಯಲ್ಲಿ ಸುಲಭವಾಗಿ ಕೂರುವುದಿಲ್ಲ. ಇನ್ನು ಮೇಲ್. ಮನೆಗೆ ಬಂದ ನೆಂಟರ ಫೋನ್‌ನಲ್ಲಿ ಯಾವುದೋ ವೈರಸ್ ಇದ್ದು, ಅದು ನಮ್ಮ ಐಪಿಯಿಂದ ಸ್ಪ್ಯಾಮ್ ಕಳಿಸಿತು ಅಂತ ಇಟ್ಟುಕೊಳ್ಳಿ. ಆ ಐಪಿ ಕಪ್ಪುಪಟ್ಟಿ ಸೇರುತ್ತದೆ. ಅದರ ಜೊತೆ ನಮ್ಮ ಮೇಲೂ ಮುಳುಗುತ್ತದೆ. ಅದಕ್ಕೇ ಮನೆಯವರ ಓಡಾಟಕ್ಕೆ ಒಂದು ಐಪಿ, ಮೇಲ್‌ಗೆ ಒಂದು, ಜಿಟ್ಸಿಗೆ ಒಂದು, ಟರ್ನ್‌ಗೆ ಒಂದು ಅಂತ ಲೆಕ್ಕ ಹಾಕಿದೆ.

ಆರ್ಡರ್ ಕೊಡುವಾಗ ಇಷ್ಟು ಐಪಿ ಯಾಕೆ ಬೇಕು ಅಂತ ಒಂದು ಕಾಗದದಲ್ಲಿ ಬರೆದುಕೊಡಿ ಅಂದರು. ನನಗೆ ಅದು ಕಿರಿಕಿರಿ ಅನಿಸಲಿಲ್ಲ. ಐಪಿವಿ4 ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಖಾಲಿಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಕೂಡ ತನ್ನ ಕೊನೆಯ ಬ್ಲಾಕ್‌ಗೆ ಬಂದು ನಿಂತಿತು. ಅಷ್ಟು ಕೊರತೆ ಇರುವ ವಸ್ತುವನ್ನು ಕೇಳಿದವರಿಗೆಲ್ಲ ಸುಮ್ನೆ ಕೊಡಲಾಗುವುದಿಲ್ಲ ಅಲ್ವಾ?

ಒಂದು ವಾರಕ್ಕೆ ಮೇಲ್ ಬಂತು. ಅದರಲ್ಲಿದ್ದ ನಿಜವಾದ ನಂಬರ್ ಇಲ್ಲಿ ಬರೆಯುವುದಿಲ್ಲ. ಉದಾಹರಣೆ ಬರೆಯುವುದಕ್ಕೆ ಅಂತಲೇ ಮೀಸಲಿಟ್ಟಿರುವ ನಂಬರ್‌ಗಳಿವೆ, ಅವನ್ನೇ ಬಳಸುತ್ತೇನೆ. ಬ್ಲಾಕ್ 203.0.113.72/29. ಬ್ಲಾಕ್ ಎಷ್ಟು ದೊಡ್ಡದು ಅಂತ ಹೇಳುವ ಮಾಸ್ಕ್ 255.255.255.248. ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಇಲ್ಲಿ ಕಂಪನಿಯ ರೂಟರ್) 203.0.113.73. ನಿಮಗೆ ಸಿಗುವುದು 74ರಿಂದ 78. ಅಷ್ಟೇ, ನಾಲ್ಕು ಸಾಲು. /29 ಅಂದರೆ ಎಂಟು ವಿಳಾಸ. ಅದರಲ್ಲಿ ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವ ಬ್ರಾಡ್‌ಕಾಸ್ಟ್‌ಗೆ ಹೋಯಿತು. ಇನ್ನೊಂದನ್ನು ಅವರ ರೂಟರ್ ತೆಗೆದುಕೊಂಡಿತು. ಉಳಿದದ್ದು ಐದು.

ಆ ನಾಲ್ಕು ಸಾಲಿನಲ್ಲಿ ಇಲ್ಲದೇ ಇದ್ದದ್ದೇ ಮುಖ್ಯ ವಿಷಯ. ಅದು ಆಮೇಲೆ ಬರುತ್ತದೆ.

ಕಂಪನಿ ಕೊಟ್ಟ ಫೈಬರ್ ಡಬ್ಬಿಯಲ್ಲಿ ಒಂದು ಐಪಿ ಹಾಕುವುದಕ್ಕೆ ಮಾತ್ರ ಜಾಗ ಇತ್ತು. ಐದನ್ನೂ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ. ಲೈನ್ ಹುಡುಗನನ್ನು ಕರೆಸಿ ಬ್ರಿಡ್ಜ್ ಮೋಡ್‌ಗೆ ಹಾಕಿಸಿದೆ. “ಸರ್, ಹಿಂಗೆ ಮಾಡಿದ್ರೆ ಇದರ ವೈಫೈ ಹೋಗುತ್ತೆ, ಆಮೇಲೆ ನನಗೆ ಫೋನ್ ಮಾಡಬೇಡಿ” ಅಂತ ಎರಡು ಸಲ ಹೇಳಿದ. ಅವನು ಹೇಳಿದ್ದು ಸರಿ. ಬ್ರಿಡ್ಜ್ ಮೋಡ್‌ನಲ್ಲಿ ಆ ಡಬ್ಬಿ ಬೆಳಕನ್ನು ತಾಮ್ರದ ತಂತಿಗೆ ದಾಟಿಸುವ ಕೆಲಸ ಮಾತ್ರ ಮಾಡುತ್ತದೆ. ಉಳಿದದ್ದೆಲ್ಲ ನಮ್ಮ ತಲೆಯ ಮೇಲೆ.

ನಮ್ಮ ಮನೆ ಕಡೆಯ ಗೇಟ್‌ವೇಗೆ ಫ್ಯಾನ್ ಇಲ್ಲದ, ನಾಲ್ಕು ನೆಟ್‌ವರ್ಕ್ ಪೋರ್ಟ್ ಇರುವ ಒಂದು ಪುಟ್ಟ ಕಂಪ್ಯೂಟರ್ ತಂದಿದ್ದೆ. ಇಂಟೆಲ್ ಎನ್100 ಪ್ರೊಸೆಸರ್. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆ. ಒಂದು ಪೋರ್ಟ್ ಹೊರಗೆ, ಒಂದು ಮನೆಯ ವೈಫೈ ಕಡೆಗೆ, ಒಂದು ಸರ್ವರ್‌ಗಳ ಸ್ವಿಚ್ ಕಡೆಗೆ. ಹೊರಗಿನ ಪೋರ್ಟ್‌ಗೆ 74 ಕೊಟ್ಟೆ. ಮನೆಯವರಿಗೆ 192.168.10 ಸಾಲಿನ ವಿಳಾಸ ಕೊಟ್ಟು ನ್ಯಾಟ್ ಮಾಡಿದೆ, ಅಂದರೆ ಹೊರಗೆ ಹೋಗುವಾಗ ಎಲ್ಲರೂ 74ರ ಹೆಸರಿನಲ್ಲೇ ಹೋಗಲಿ ಅಂತ. ಮನೆಯ ನೆಟ್ ಹತ್ತು ನಿಮಿಷದಲ್ಲಿ ಬಂತು. ಮೇಲ್ ಸರ್ವರ್‌ಗೆ 75, ಜಿಟ್ಸಿಗೆ 76 ಕೊಟ್ಟೆ. ಒಂದು ಪೋರ್ಟ್‌ಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಆನ್ ಮಾಡಿದೆ. 75, 76 ಸರ್ವರ್ ಕಡೆಯ ಪೋರ್ಟ್‌ನಲ್ಲಿವೆ ಅಂತ ರೂಟ್ (ದಾರಿ) ಬರೆದೆ. ಫೋನ್‌ನ ವೈಫೈ ಆರಿಸಿ ಮೊಬೈಲ್ ಡೇಟಾದಿಂದ 75ಕ್ಕೆ ‘ಇದ್ದೀಯಾ?’ ಅಂತ ಕೇಳುವ ಪಿಂಗ್ ಕಳಿಸಿದೆ.

ಉತ್ತರ ಇಲ್ಲ.

ಇಲ್ಲಿ ಒಂದು ಮಾತು. ಯಾವಾಗಲೂ ಮೊಬೈಲ್ ಡೇಟಾದಿಂದಲೇ ಪರೀಕ್ಷೆ ಮಾಡಿ. ಮನೆಯ ವೈಫೈನಲ್ಲಿ ಕೂತು ಮಾಡಿದರೆ ಗೇಟ್‌ವೇ ಒಳಗಿಂದೊಳಗೇ ದಾರಿ ತೋರಿಸಿ ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ.

ಮೂರು ದಿನ ಫೈರ್‌ವಾಲ್ ನಿಯಮಗಳನ್ನೇ ತಿರುವಿ ಹಾಕಿದೆ. ಫೈರ್‌ವಾಲ್ ಪೂರ್ತಿ ತೆಗೆದೂ ನೋಡಿದೆ. ಪ್ರಯೋಜನ ಇಲ್ಲ. ನಾಲ್ಕನೇ ದಿನ ರಾತ್ರಿ ಊಟ ಆದ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹೊರಗಿನ ಪೋರ್ಟ್ ಮೇಲೆ ಟಿಸಿಪಿಡಂಪ್ ಓಡಿಸಿದೆ. ತಂತಿಯಲ್ಲಿ ಏನು ಬರುತ್ತಿದೆ ಅಂತ ಕಣ್ಣಾರೆ ತೋರಿಸುವ ಪ್ರೋಗ್ರಾಂ ಅದು. ಪರದೆ ತುಂಬ ಒಂದೇ ಸಾಲು, ಸೆಕೆಂಡಿಗೊಂದರಂತೆ ಬೀಳುತ್ತಿತ್ತು. ‘ಆರ್ಪ್, ರಿಕ್ವೆಸ್ಟ್ ಹೂ-ಹ್ಯಾಸ್ 203.0.113.75 ಟೆಲ್ 203.0.113.73’. ಅಂದರೆ, 75 ಯಾರ ಹತ್ತಿರ ಇದೆ? 73ಕ್ಕೆ ಹೇಳಿ. 75 ಯಾರ ಹತ್ತಿರ ಇದೆ? 73ಕ್ಕೆ ಹೇಳಿ. ಒಂದು ಸಾಲಿಗೂ ಉತ್ತರ ಇರಲಿಲ್ಲ.

ಅಪ್ಪ ನೀರು ಕುಡಿಯಲು ಎದ್ದವರು ಹಿಂದೆ ಬಂದು ನಿಂತಿದ್ದರು. “ಏನೋ ಅದು, ಒಂದೇ ಸಮ ಕೂಗ್ತಾ ಇದೆ?” ಅಂದರು. ಅರ್ಥ ಹೇಳಿದೆ. ಸ್ವಲ್ಪ ಹೊತ್ತು ನೋಡಿದರು. “ನಾವು ಮುಂಚೆ ಇದ್ದ ವಠಾರದ ಪೋಸ್ಟ್‌ಮ್ಯಾನ್ ಥರ ಕಣೋ ಇದು” ಅಂದರು.

ನನಗೆ ಅಲ್ಲಿಗೆ ಎಲ್ಲ ಹೊಳೆಯಿತು. ಆ ವಠಾರದಲ್ಲಿ ಒಂಬತ್ತು ಮನೆ. ಪೋಸ್ಟ್‌ಮ್ಯಾನ್ ಒಳಗೆ ಬರುತ್ತಿರಲಿಲ್ಲ. ಹೊರಬಾಗಿಲಲ್ಲಿ ನಿಂತು ಕಾಗದದ ಮೇಲಿನ ಹೆಸರು ಹಿಡಿದು ಕೂಗುವನು. ಆ ಹೆಸರಿನವರು ಓಗೊಟ್ಟರೆ ಕಾಗದ ಕೊಡುವನು. ಹಿತ್ತಲ ಮನೆಯವರಿಗೆ ಆ ಕೂಗು ಕೇಳಿಸದೇ ಹೋದರೆ ಕಾಗದ ವಾಪಸ್. ನಮ್ಮ ಮೇಲ್ ಸರ್ವರ್ ಇದ್ದದ್ದು ಹಿತ್ತಲ ಮನೆಯಲ್ಲಿ. ಆರ್ಪ್ ಕೂಗು ಒಂದು ರೂಟರ್ ದಾಟಿ ಆಚೆ ಹೋಗುವುದಿಲ್ಲ. ನನ್ನ ಗೇಟ್‌ವೇ ಬಾಗಿಲಲ್ಲೇ ನಿಂತಿತ್ತು. ಆದರೆ ಕರೆದದ್ದು 75ನ್ನು, ತನ್ನ ಹೆಸರು 74 ಅಂತ ಸುಮ್ಮನಿತ್ತು. ಅದರದ್ದೇನೂ ತಪ್ಪಿರಲಿಲ್ಲ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಕಂಪನಿಯವರು ಬ್ಲಾಕ್ ಕೊಡುವುದು ಎರಡು ರೀತಿ. ಒಂದರಲ್ಲಿ, ‘ಈ ಎಂಟೂ ವಿಳಾಸಕ್ಕೆ ಬಂದದ್ದನ್ನೆಲ್ಲ ಇವರ ರೂಟರ್ ಕೈಗೆ ಕೊಟ್ಟುಬಿಡು’ ಅಂತ ಅವರ ಕಡೆ ರೂಟ್ ಬರೆದಿರುತ್ತಾರೆ. ಇದು ರೂಟೆಡ್ ಬ್ಲಾಕ್. ಪೋಸ್ಟ್‌ಮ್ಯಾನ್ ಇಡೀ ವಠಾರದ ಕಾಗದದ ಕಟ್ಟನ್ನು ಓನರ್ ಕೈಗೆ ಕೊಟ್ಟು ಹೋದ ಹಾಗೆ. ಇನ್ನೊಂದರಲ್ಲಿ, ಬ್ಲಾಕ್ ಸುಮ್ನೆ ತಂತಿಯ ಮೇಲೆ ಇರುತ್ತದೆ. ಒಂದೊಂದು ವಿಳಾಸವನ್ನೂ ಅವರ ರೂಟರ್ ಹೆಸರು ಹಿಡಿದು ಕೂಗುತ್ತದೆ. ಇದು ಆನ್‌ಲಿಂಕ್. ‘ನಿಮ್ಮ ಬ್ಲಾಕ್ ರೂಟೆಡ್ಡಾ, ಆನ್‌ಲಿಂಕಾ?’ ನಾನು ಕೇಳಬೇಕಿದ್ದದ್ದು ಇದನ್ನು. ಅವರು ಕೊಡುವ ಗೇಟ್‌ವೇ ಆ ಬ್ಲಾಕ್‌ನ ಒಳಗಿನ ವಿಳಾಸವೇ ಆಗಿದ್ದರೆ, ನಮ್ಮ 73ರ ಹಾಗೆ, ಅದು ಆನ್‌ಲಿಂಕ್ ಅಂತ ಹೆಚ್ಚು ಕಡಿಮೆ ಖಾತ್ರಿ. ಬೇರೆಯೇ ಒಂದು ಸಣ್ಣ /30 (ನಾಲ್ಕು ವಿಳಾಸದ ಬ್ಲಾಕ್) ಕೊಟ್ಟು, ಬ್ಲಾಕ್ ಅನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ ರೂಟೆಡ್. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಪಿಪಿಪಿಒಇ ಮೇಲೆ ಬರುವ ಕನೆಕ್ಷನ್ ಇದ್ದರೆ ಈ ತಲೆನೋವೇ ಇಲ್ಲ. ಆ ದಾರಿಯಲ್ಲಿ ಆರ್ಪ್ ಕೂಗಾಟ ಇರುವುದಿಲ್ಲ. ಅಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492ಕ್ಕೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ.

ತಿಳಿಯಿತು ಅಂದ ತಕ್ಷಣ ಸರಿಯಾದ ದಾರಿಯನ್ನೇ ಹಿಡಿದೆ ಅಂತಲ್ಲ. ಸುಲಭ ಅನ್ನಿಸಿದ್ದನ್ನು ಹಿಡಿದೆ. ಐದೂ ವಿಳಾಸವನ್ನು ಗೇಟ್‌ವೇಯ ಹೊರಗಿನ ಪೋರ್ಟ್ ಮೇಲೇ ಹಾಕಿದೆ. ಸರ್ವರ್‌ಗಳಿಗೆ ಒಳಗಿನ ಖಾಸಗಿ ವಿಳಾಸ ಕೊಟ್ಟು, 75ಕ್ಕೆ ಬಂದದ್ದು ಮೇಲ್‌ಗೆ, 76ಕ್ಕೆ ಬಂದದ್ದು ಜಿಟ್ಸಿಗೆ ಅಂತ ಒಂದಕ್ಕೊಂದು ನ್ಯಾಟ್ ಬರೆದೆ. ಕೂಗಿದ ಪ್ರತಿ ಹೆಸರಿಗೂ ಗೇಟ್‌ವೇ ಓಗೊಟ್ಟಿತು. ಮೇಲ್ ಬಂತು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮಾರನೇ ದಿನ ಸಂಜೆ ಪಾಠ. ಮೊದಲ ಹುಡುಗಿ ಬಂದಳು, ಮುಖ, ಮಾತು ಎಲ್ಲ ಚೆನ್ನಾಗಿತ್ತು. ಎರಡನೇ ಹುಡುಗ ಒಳಗೆ ಬಂದ. ಆ ಗಳಿಗೆಗೆ ಎಲ್ಲ ಮುಖವೂ ಕಪ್ಪಾಯಿತು. “ರೀ, ಒಬ್ಬರಿದ್ದಾಗ ಸರಿಯಿರುತ್ತೆ, ಇನ್ನೊಬ್ಬರು ಬಂದ ತಕ್ಷಣ ಎಲ್ಲರೂ ಮಾಯ ಆಗ್ತಿದ್ದಾರೆ” ಅಂತ ಅವಳು ಒಳಗಿಂದ ಕೂಗಿದಳು. ಆ ಒಂದು ವಾಕ್ಯದಲ್ಲಿ ರೋಗ ಏನು ಅಂತ ಪೂರ್ತಿ ಇತ್ತು. ಜಿಟ್ಸಿಯಲ್ಲಿ ಇಬ್ಬರೇ ಇದ್ದಾಗ ವಿಡಿಯೊ ನೇರವಾಗಿ ಅವರಿಬ್ಬರ ನಡುವೆ ಹೋಗುತ್ತದೆ. ಮೂರನೆಯವರು ಬಂದರೆ ಎಲ್ಲ ಸರ್ವರ್‌ನಲ್ಲಿ ಎಲ್ಲರ ವಿಡಿಯೊ ಹಂಚುವ ಬ್ರಿಡ್ಜ್ ಅನ್ನುವ ಭಾಗದ ಮೂಲಕ, ಯುಡಿಪಿ 10000ನೇ ಪೋರ್ಟ್‌ನಲ್ಲಿ ಹೋಗಬೇಕು. ಬ್ರಿಡ್ಜ್ ತನ್ನ ವಿಳಾಸ ಇದು ಅಂತ ಮಕ್ಕಳ ಫೋನ್‌ಗಳಿಗೆ ಹೇಳಬೇಕು. ನಮ್ಮ ಬ್ರಿಡ್ಜ್‌ಗೆ ಗೊತ್ತಿದ್ದದ್ದು ನಾನು ಕೊಟ್ಟ ಖಾಸಗಿ ವಿಳಾಸ. ಅದನ್ನೇ ಹೇಳಿತು. ಮಂಡ್ಯದಲ್ಲಿ ಕೂತ ಹುಡುಗನ ಫೋನ್ ಆ ವಿಳಾಸವನ್ನು ಎಲ್ಲಿ ಅಂತ ಹುಡುಕಬೇಕು?

ಒಳಗಿನ ವಿಳಾಸ ಇದು, ಹೊರಗಿನದು ಇದು ಅಂತ ಜಿಟ್ಸಿಯ ಕಾನ್ಫಿಗ್‌ನಲ್ಲಿ ಬರೆದರೆ ಇದು ಸರಿಹೋಗುತ್ತದೆ. ಬರೆದೆ, ಸರಿಯೂ ಹೋಯಿತು. ಅಷ್ಟರಲ್ಲಿ ಮಗಳು ಮನೆಯ ವೈಫೈನಿಂದ ಪಾಠಕ್ಕೆ ಸೇರಲು ಹೋದರೆ ತೆರೆಯಲಿಲ್ಲ. ಒಳಗಿನವರು ಹೊರಗಿನ ವಿಳಾಸಕ್ಕೆ ಹೋಗಿ ಮತ್ತೆ ಒಳಗೇ ಬರಬೇಕಲ್ಲ, ಅದಕ್ಕೆ ಇನ್ನೊಂದು ನ್ಯಾಟ್ ನಿಯಮ ಬೇಕಿತ್ತು. ಆಗ ಕೈಬಿಟ್ಟೆ. ಐದು ನಿಜವಾದ ಪಬ್ಲಿಕ್ ವಿಳಾಸಕ್ಕೆ ದುಡ್ಡು ಕೊಟ್ಟು, ಸರ್ವರ್‌ಗಳಿಗೆ ಅವು ತಮ್ಮದು ಅಂತ ಗೊತ್ತೇ ಆಗದ ಹಾಗೆ ಇಡುವುದರಲ್ಲಿ ಅರ್ಥ ಕಾಣಲಿಲ್ಲ. ಸರ್ವರ್‌ಗೆ ತನ್ನ ವಿಳಾಸ ತನಗೆ ಗೊತ್ತಿರಬೇಕು. ಅರ್ಧಕ್ಕರ್ಧ ತೊಂದರೆ ಅಲ್ಲೇ ಮುಗಿಯುತ್ತದೆ ಅಂತ ಈಗಲೂ ನಂಬುತ್ತೇನೆ.

ಉಳಿದದ್ದು ಎರಡು ದಾರಿ. ಗೇಟ್‌ವೇಯನ್ನೇ ಬ್ರಿಡ್ಜ್ ಮಾಡಿ ಸರ್ವರ್‌ಗಳನ್ನು ನೇರ ತಂತಿಯ ಮೇಲೆ ಕೂರಿಸುವುದು ಒಂದು. ಅದನ್ನು ಬೇಡ ಅಂದುಕೊಂಡೆ. ಕೆಲವು ಕಂಪನಿಗಳು ಒಂದು ಕನೆಕ್ಷನ್ನಿಗೆ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಸ್ವಂತ ನಂಬರ್) ಅಂತ ಬೀಗ ಹಾಕಿರುತ್ತಾರೆ. ಇವತ್ತು ಹಾಕಿಲ್ಲದಿದ್ದರೂ ನಾಳೆ ಹಾಕಬಹುದು. ಇನ್ನೊಂದು ಪ್ರಾಕ್ಸಿ ಆರ್ಪ್. ವಠಾರದ ಓನರ್ ಬಾಗಿಲಲ್ಲಿ ನಿಂತು, “75 ಅಲ್ವಾ? ಕೊಡಿ, ನಾನು ಒಳಗೆ ತಲುಪಿಸ್ತೀನಿ” ಅನ್ನುವುದು. ಗೇಟ್‌ವೇ 75ರ ಪರವಾಗಿ ತನ್ನ ಮ್ಯಾಕ್ ವಿಳಾಸವನ್ನೇ ಉತ್ತರವಾಗಿ ಕೊಡುತ್ತದೆ. ಪ್ಯಾಕೆಟ್ ಕೈಗೆ ಬಂದ ಮೇಲೆ ಮಾಮೂಲಿ ರೂಟಿಂಗ್. ನ್ಯಾಟ್ ಇಲ್ಲ. ಸರ್ವರ್ ಮೇಲೆ ನಿಜವಾದ 75ನೇ ವಿಳಾಸವೇ ಇರುತ್ತದೆ.

ಮಾಡಿದ್ದು ಹೀಗೆ. ಹೊರಗಿನ ಪೋರ್ಟ್ ಮೇಲೆ 74/29 ಮಾತ್ರ ಉಳಿಸಿದೆ. ಸರ್ವರ್ ಕಡೆಯ ಪೋರ್ಟ್‌ಗೆ 74/32 (ಆ ಒಂದೇ ವಿಳಾಸ) ಕೊಟ್ಟೆ. 75/32, 76/32, ಟರ್ನ್‌ಗೆ ಇಟ್ಟ 77/32 ಆ ಕಡೆ ಇವೆ ಅಂತ ಒಂದೊಂದು ರೂಟ್ ಬರೆದೆ. /32 ರೂಟ್ /29ಗಿಂತ ನಿಖರವಾದದ್ದು, ಹಾಗಾಗಿ ಲಿನಕ್ಸ್ ಅದನ್ನೇ ಮೊದಲು ಪಾಲಿಸುತ್ತದೆ. ಹೊರಗಿನ ಪೋರ್ಟ್‌ನಲ್ಲಿ ಪ್ರಾಕ್ಸಿ ಆರ್ಪ್ ಅನ್ನು ಸಾರಾಸಗಟಾಗಿ ಆನ್ ಮಾಡಲಿಲ್ಲ. ಹಾಗೆ ಮಾಡಿದರೆ ತನಗೆ ದಾರಿ ಗೊತ್ತಿರುವ ಎಲ್ಲ ವಿಳಾಸಕ್ಕೂ, ಮನೆಯ 192.168 ವಿಳಾಸಕ್ಕೂ, ಗೇಟ್‌ವೇ ಓಗೊಡಲು ಹೋಗುತ್ತದೆ. ಕಂಪನಿಯ ತಂತಿಯ ಮೇಲೆ ನಮ್ಮದಲ್ಲದ ಹೆಸರಿಗೆ ಬಾಯಿ ಹಾಕಬಾರದು. ಬದಲಿಗೆ ನೈಬರ್ ಪ್ರಾಕ್ಸಿ ಅಂತ 75, 76, 77 ಮೂರನ್ನೂ ಹೆಸರು ಹಿಡಿದು ಸೇರಿಸಿದೆ. ಸರ್ವರ್ ಕಡೆ ಮಾತ್ರ ಪೂರ್ತಿ ಆನ್ ಮಾಡಿದೆ. ಅದರಿಂದ ಸರ್ವರ್‌ಗಳಲ್ಲಿ ಕಂಪನಿ ಕೊಟ್ಟ ನಂಬರ್‌ಗಳನ್ನೇ, ಮಾಸ್ಕ್ /29, ಗೇಟ್‌ವೇ 73 ಅಂತಲೇ ಹಾಕಬಹುದು. ಅವು 73 ಎಲ್ಲಿ ಅಂತ ಕೂಗಿದಾಗ ನಮ್ಮ ಗೇಟ್‌ವೇಯೇ ‘ಇಲ್ಲಿ’ ಅನ್ನುತ್ತದೆ.

75 ಬಂತು! ಮೊದಲ ಪಿಂಗ್‌ಗೆ ಸ್ವಲ್ಪ ತಡವಾಗಿ, ಆಮೇಲೆ ಸರಾಗವಾಗಿ. ಆ ತಡ ನೋಡಿ ಗಾಬರಿಯಾಗಬೇಡಿ. ಬೇರೆಯವರ ಪರವಾಗಿ ಉತ್ತರ ಕೊಡುವ ಮುಂಚೆ ಲಿನಕ್ಸ್ ಬೇಕಂತಲೇ 0.8 ಸೆಕೆಂಡಿನವರೆಗೆ ಕಾಯುತ್ತದೆ. ನಿಜವಾದ ಮಾಲೀಕ ಇದ್ದರೆ ಅವನೇ ಮೊದಲು ಮಾತಾಡಲಿ ಅಂತ. ನನಗೆ ಆ ನಡತೆ ಬಹಳ ಇಷ್ಟವಾಯಿತು.

76 ಮಾತ್ರ ಬರಲಿಲ್ಲ. ಎರಡಕ್ಕೂ ಒಂದೇ ಥರದ ಸಾಲು ಬರೆದಿದ್ದೇನೆ, ಒಂದು ನಡೆಯುತ್ತದೆ, ಒಂದು ನಡೆಯುವುದಿಲ್ಲ. ಮತ್ತೆ ಟಿಸಿಪಿಡಂಪ್. ಈ ಸಲ 76ಕ್ಕೆ ಕೂಗೇ ಇರಲಿಲ್ಲ. ಪ್ಯಾಕೆಟ್‌ಗಳು ನೇರವಾಗಿ ಬರುತ್ತಿದ್ದವು, ಗೇಟ್‌ವೇ ಮುಟ್ಟುತ್ತಿರಲಿಲ್ಲ. ಮ್ಯಾಕ್ ವಿಳಾಸವನ್ನೂ ತೋರಿಸು ಅಂತ ಕೇಳಿದೆ. ಅವು ಬರುತ್ತಿದ್ದದ್ದು ಗೇಟ್‌ವೇ ಹೆಸರಿಗಲ್ಲ, ಜಿಟ್ಸಿ ಸರ್ವರ್‌ನ ಕಾರ್ಡ್ ಹೆಸರಿಗೆ. ಆಗ ನೆನಪಾಯಿತು. ಮಧ್ಯಾಹ್ನ 76 ನಿಜವಾಗಿ ನಡೆಯುತ್ತದೋ ಇಲ್ಲವೋ ನೋಡೋಣ ಅಂತ ಜಿಟ್ಸಿ ಸರ್ವರ್‌ನ ಕೇಬಲ್ಲನ್ನು ಫೈಬರ್ ಡಬ್ಬಿಗೇ ಹತ್ತು ನಿಮಿಷ ಚುಚ್ಚಿದ್ದೆ. ಆ ಕಡೆಯ ರೂಟರ್ ಆ ಹತ್ತು ನಿಮಿಷದಲ್ಲಿ ಕಲಿತದ್ದನ್ನು ಇನ್ನೂ ಮರೆತಿರಲಿಲ್ಲ. ಕೆಲವು ದೊಡ್ಡ ರೂಟರ್‌ಗಳು ಆರ್ಪ್ ನೆನಪನ್ನು ನಾಲ್ಕು ಗಂಟೆ ಇಟ್ಟುಕೊಳ್ಳುತ್ತವೆ. ಕಾಯಬಹುದಿತ್ತು. ಬದಲಿಗೆ 76ನ್ನು ಒಂದು ನಿಮಿಷ ಗೇಟ್‌ವೇಯ ಹೊರಪೋರ್ಟ್ ಮೇಲೆ ಹಾಕಿ, ಆರ್ಪಿಂಗ್ ಅನ್ನುವ ಪ್ರೋಗ್ರಾಂನಿಂದ ‘76 ಈಗ ಇಲ್ಲಿದೆ’ ಅಂತ ಮೂರು ಸಲ ನಾವೇ ಸಾರಿ ಹೇಳಿ, ಮತ್ತೆ ತೆಗೆದೆ. ತಕ್ಷಣ ಸರಿಹೋಯಿತು.

ಆ ಸಂಜೆ ಪಾಠಕ್ಕೆ ಎಂಟು ಮಕ್ಕಳು ಬಂದರು. ಎಂಟೂ ಮುಖ ಕಂಡವು. ನಾನು ಬಾಗಿಲ ಹತ್ತಿರ ನಿಂತು ಎಣಿಸಿದೆ.

ಮೇಲ್ ವಿಷಯ ಇನ್ನೂ ಎರಡು ದಿನ ಎಳೆಯಿತು. ಕಳಿಸಿದ ಮೇಲ್‌ಗಳು ಸ್ಪ್ಯಾಮ್ ಡಬ್ಬಿಗೆ ಬೀಳುತ್ತಿವೆ ಅಂತ ಗೆಳೆಯರೊಬ್ಬರು ಹೇಳಿದರು. ನಮ್ಮ 75ಕ್ಕೆ ರಿವರ್ಸ್ ಡಿಎನ್‌ಎಸ್ (ಐಪಿ ನಂಬರ್‌ನಿಂದ ಹೆಸರು ತಿಳಿಸುವ ದಾಖಲೆ) ಹೆಸರು ಹಾಕಿಸಿದ್ದಾಗಿತ್ತು. ಅದನ್ನು ನಾವು ಹಾಕಿಕೊಳ್ಳಲು ಆಗುವುದಿಲ್ಲ, ವಿಳಾಸ ಕೊಟ್ಟವರೇ ಹಾಕಬೇಕು. ಆದರೂ ಯಾಕೆ ಹೀಗೆ? ಗೆಳೆಯರಿಗೆ ಹೋದ ಮೇಲ್‌ನ ಪೂರ್ತಿ ಹೆಡರ್ ತರಿಸಿ ನೋಡಿದೆ. ಬಂದ ವಿಳಾಸ 203.0.113.74 ಅಂತ ಇತ್ತು. 75 ಅಲ್ಲ, 74! ಮೊದಲ ದಿನ ಮನೆಯವರಿಗಾಗಿ ಬರೆದ ನ್ಯಾಟ್ ಸಾಲು, ‘ಹೊರಗಿನ ಪೋರ್ಟ್‌ನಿಂದ ಹೋಗುವುದೆಲ್ಲ 74 ಅಂತ ಹೋಗಲಿ’ ಅನ್ನುತ್ತಿತ್ತು. ‘ಎಲ್ಲ’ ಅಂದರೆ ಮೇಲ್ ಸರ್ವರ್ ಕೂಡ. ಒಳಬರುವುದು 75ಕ್ಕೆ ಸರಿಯಾಗಿ ಬರುತ್ತಿದ್ದ ಕಾರಣ ನನಗೆ ಅನುಮಾನವೇ ಬಂದಿರಲಿಲ್ಲ. ಆ ಸಾಲನ್ನು 192.168.10 ಸಾಲಿನವರಿಗೆ ಮಾತ್ರ ಅಂತ ಬಿಗಿ ಮಾಡಿದೆ. ಒಂದಕ್ಕಿಂತ ಜಾಸ್ತಿ ಐಪಿ ಇಟ್ಟುಕೊಳ್ಳುವವರು ದಯವಿಟ್ಟು ಹೊರಹೋಗುವ ವಿಳಾಸವನ್ನೂ ಬೇರೆಯಾಗಿ ಪರೀಕ್ಷೆ ಮಾಡಿ. ಬರುವ ದಾರಿ ಸರಿಯಿದ್ದರೆ ಹೋಗುವ ದಾರಿಯೂ ಸರಿಯಿರುತ್ತದೆ ಅಂತಿಲ್ಲ.

ಸರ್ವರ್‌ಗಳ ಮುಂದಿನ ನ್ಯಾಟ್ ತೆಗೆದ ಮೇಲೆ ಇನ್ನೊಂದು ಜವಾಬ್ದಾರಿ ಬರುತ್ತದೆ. ನ್ಯಾಟ್ ಹಿಂದೆ ಇರುವಾಗ, ನಾವು ತೆರೆಯದ ಪೋರ್ಟ್ ಹೊರಗೆ ಕಾಣುವುದಿಲ್ಲ. ಈಗ ಸರ್ವರ್‌ಗಳು ಬಯಲಲ್ಲಿ ನಿಂತಿವೆ. 75 ನಡೆಯಲು ಶುರುವಾದ ಕೆಲವೇ ನಿಮಿಷಕ್ಕೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಲಾಗ್‌ನಲ್ಲಿ ಯಾರ‍್ಯಾರೋ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಬಾಗಿಲು ತಟ್ಟುವುದು ಕಂಡಿತು. ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನ ಫಾರ್ವರ್ಡ್ ಸರಪಳಿಯಲ್ಲಿ ಮೊದಲು ಎಲ್ಲ ಮುಚ್ಚಿ, ಆಮೇಲೆ ಬೇಕಾದಷ್ಟೇ ತೆರೆದೆ. ಮೇಲ್‌ಗೆ 25, 587, 993. ಜಿಟ್ಸಿಗೆ 443 ಮತ್ತು ಯುಡಿಪಿ 10000. ಟರ್ನ್‌ಗೆ 443. ಎಸ್‌ಎಸ್‌ಎಚ್ ಮನೆಯ ಒಳಗಿನಿಂದ ಮಾತ್ರ. ಪಿಂಗ್ ಮುಂತಾದ ಸಂದೇಶ ಒಯ್ಯುವ ಐಸಿಎಂಪಿಯನ್ನು ಪೂರ್ತಿ ಮುಚ್ಚಲಿಲ್ಲ. ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡು ಅನ್ನುವ ಸಂದೇಶ ಬರುವುದು ಅದರ ಮೂಲಕವೇ.

ಹತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ರಾತ್ರಿ ಜೋರು ಮಳೆ, ಕರೆಂಟ್ ಹೋಯಿತು. ಯುಪಿಎಸ್ ಎರಡು ಗಂಟೆ ತಡೆಯಿತು. ಬೆಳಗ್ಗೆ ಕರೆಂಟ್ ಬಂದಿತ್ತು, ಮನೆಯ ನೆಟ್ ಇತ್ತು, ಮೇಲ್ ಮತ್ತು ಜಿಟ್ಸಿ ಇರಲಿಲ್ಲ. ನೈಬರ್ ಪ್ರಾಕ್ಸಿ ಸಾಲುಗಳನ್ನು ಕೈಯಲ್ಲಿ ಟೈಪ್ ಮಾಡಿದ್ದೆ, ಫೈಲಿನಲ್ಲಿ ಉಳಿಸಿರಲಿಲ್ಲ. ರೀಬೂಟ್ ಆದಾಗ ಅಳಿಸಿ ಹೋಗಿದ್ದವು. ಎಲ್ಲವನ್ನೂ ಇಂಟರ್‌ಫೇಸಸ್ ಫೈಲಿನಲ್ಲಿ ಪೋಸ್ಟ್-ಅಪ್ ಸಾಲುಗಳಾಗಿ ಬರೆದೆ. ಬರೆದ ಮೇಲೆ ಎರಡು ಸಲ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿದೆ. ನೀವೂ ಹಾಗೇ ಮಾಡಿ. ಕರೆಂಟ್ ಹೋಗುವ ತನಕ ಕಾಯಬೇಡಿ.

ಈ ನಡುವೆ ರಿವರ್ಸ್ ಡಿಎನ್‌ಎಸ್ ಹಾಕಿಸುವಾಗ ಕಂಪನಿಯ ಕಡೆಯ ಒಬ್ಬ ನೆಟ್‌ವರ್ಕ್ ಇಂಜಿನಿಯರ್ ಪರಿಚಯವಾಗಿದ್ದರು. ಕಾಲ್ ಸೆಂಟರ್ ದಾಟಿ ಅವರ ತನಕ ತಲುಪಲು ಏಳೆಂಟು ಫೋನ್ ಕಾಲ್ ಬೇಕಾಯಿತು. ಆ ಪ್ರಶ್ನೆಯನ್ನು ಅವರಿಗೆ ಕೇಳಿದೆ. “ಮೇಡಂ, ಈ ಬ್ಲಾಕ್ ಆನ್‌ಲಿಂಕ್ ಇದೆ. ರೂಟೆಡ್ ಮಾಡಿಕೊಡೋಕೆ ಆಗುತ್ತಾ?” ಒಂದು ಕ್ಷಣ ಸುಮ್ಮನಿದ್ದರು. “ಆಗುತ್ತೆ ಸರ್. ಯಾರೂ ಕೇಳಲ್ಲ, ಅದಕ್ಕೆ ನಾವು ಕೊಡಲ್ಲ” ಅಂದರು. ಇಂಥ ರಾತ್ರಿ ಹನ್ನೊಂದಕ್ಕೆ ಬದಲಾಯಿಸುತ್ತೇನೆ ಅಂತ ದಿನ ಹೇಳಿದರು. ನಡುವಿನ ಕೊಂಡಿಗೆ ಬೇರೆ ಒಂದು /30 ಕೊಟ್ಟರು. 198.51.100.21 ಅವರದು, 198.51.100.22 ನಮ್ಮದು ಅಂತ ಇಟ್ಟುಕೊಳ್ಳಿ.

ಆ ರಾತ್ರಿ ನನ್ನ ಕಡೆಯ ಕೆಲಸ ಐದು ನಿಮಿಷದ್ದು. ಹೊರಗಿನ ಪೋರ್ಟ್‌ಗೆ 198.51.100.22 ಹಾಕಿದೆ. ಪ್ರಾಕ್ಸಿ ಸಾಲುಗಳನ್ನೆಲ್ಲ ಅಳಿಸಿದೆ, /32 ರೂಟ್‌ಗಳನ್ನೂ. ಸರ್ವರ್ ಕಡೆಯ ಪೋರ್ಟ್‌ಗೆ 203.0.113.73/29 ಕೊಟ್ಟೆ. ಇಷ್ಟು ದಿನ ಅವರ ಕಡೆ ಇದ್ದ 73 ಈಗ ನಮ್ಮದು. ಸರ್ವರ್‌ಗಳಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಕಾಗಲಿಲ್ಲ. ಅವು ಮೊದಲಿನಿಂದಲೂ ಗೇಟ್‌ವೇ 73 ಅಂತಲೇ ನಂಬಿದ್ದವು, ಈಗ ಅದು ನಿಜವಾಯಿತು. ಮನೆಯವರಿಗೆ ಬೇಕಿದ್ದ 74ನ್ನೂ ಗೇಟ್‌ವೇ ಮೇಲೇ ಇಟ್ಟೆ. ಐದು ಇದ್ದದ್ದು ಆರಾಯಿತು.

ಹೊರಗಿನ ಪೋರ್ಟ್ ಮೇಲೆ ಟಿಸಿಪಿಡಂಪ್ ಹಾಕಿ ಕೂತೆ. ಅಪ್ಪ ಎಚ್ಚರವಾಗೇ ಇದ್ದರು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. ಹನ್ನೊಂದು ಹತ್ತಕ್ಕೆ ಪರದೆ ಒಮ್ಮೆ ನಿಂತಿತು. ಹತ್ತು ಹನ್ನೆರಡು ಸೆಕೆಂಡ್ ಏನೂ ಇಲ್ಲ. ಆಮೇಲೆ 75ಕ್ಕೆ, ಪೋರ್ಟ್ 25ಕ್ಕೆ, ಯಾರದೋ ಮೇಲ್ ಬಂತು. ಅದರ ಹಿಂದೆ ಇನ್ನೊಂದು. 75 ಯಾರ ಹತ್ತಿರ ಇದೆ ಅನ್ನುವ ಸಾಲು ಬರಬಹುದು ಅಂತ ಕಾದೆ. ಬರಲೇ ಇಲ್ಲ.

“ಕೂಗೋದು ನಿಲ್ಲಿಸಿದಾನಲ್ಲೋ” ಅಂದರು ಅಪ್ಪ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಮಲಗಲು ಎದ್ದರು.